ಹಳೇ ಮನೆಯ ಹೊರಗೋಡೆ ಕೆಲಸವನ್ನು ಮನೆಯವರೇ ಸೇರಿ ಮಾಡೋದಾದರೆ ಯಾವ ಬಣ್ಣ ಒಳ್ಳೆಯದು?

ತಾತ ಕಟ್ಟಿಸಿದ ಮನೆ, ಹೊರಗೋಡೆ ಅಲ್ಲಲ್ಲಿ ಉದುರಿದೆ, ರಜೆಗೆ ಅಣ್ಣತಮ್ಮಂದಿರೆಲ್ಲ ಬರುತ್ತಾರೆ, ವಾಟರ್‌ಪ್ರೂಫ್ ಬಣ್ಣದ ಡಬ್ಬಿಗಳೂ ಬಂದಾಗಿವೆ. ಅಲ್ವಾ? ನಮ್ಮ ಮನೆಯಲ್ಲೂ ಹೀಗೇ ಶುರುವಾಗಿತ್ತು.

ನಮ್ಮದು ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಮನೆ. ದಪ್ಪ ಗೋಡೆ. ಚಿಕ್ಕಪ್ಪನಿಗೆ ಗಾರೆ ಕೆಲಸ ಸ್ವಲ್ಪ ಗೊತ್ತು. ಭಾವನಿಗೆ ಏನೂ ಗೊತ್ತಿಲ್ಲ, ಆದರೆ ಹುಮ್ಮಸ್ಸು ಜಾಸ್ತಿ. ಎಲ್ಲರೂ ಒಂದೇ ವಾರ ರಜೆ ಹಾಕಿ ಬಂದರು. ಹಳೇ ಪ್ಲಾಸ್ಟರ್‌ನಲ್ಲಿ ಸಡಿಲವಾಗಿದ್ದನ್ನೆಲ್ಲ ಕೆತ್ತಿ ತೆಗೆದೆವು. ಆ ಕೆಲಸ ನಿಜಕ್ಕೂ ಚೆನ್ನಾಗಿ ಆಯಿತು. ಮಕ್ಕಳೂ ಬುಟ್ಟಿ ಹೊತ್ತರು. ಕೆತ್ತಿದಾಗ ಒಳಗಿನ ಇಟ್ಟಿಗೆ ಕಪ್ಪಗೆ, ತಣ್ಣಗೆ ಇತ್ತು. ಕೈ ಇಟ್ಟರೆ ಪಸೆ ಗೊತ್ತಾಗುತ್ತಿತ್ತು. ಮೇಲೆ ಸೂರಿನ ದೋಣಿಯ ಜೋಡಣೆ ಬಿಟ್ಟುಕೊಂಡು ಮಳೆನೀರು ಗೋಡೆಗೇ ಇಳಿಯುತ್ತಿದೆ ಅಂತ ಅಪ್ಪ ಆಗಲೇ ಹೇಳಿದ್ದರು. "ಮೊದಲು ಅದನ್ನ ಸರಿ ಮಾಡ್ರೋ, ಗೋಡೆ ಹಾಗೇ ಒಣಗಲಿ" ಅಂದರು.

ಯಾರು ಕೇಳಬೇಕು? ದೋಣಿ ರಿಪೇರಿ ಕಣ್ಣಿಗೆ ಕಾಣುವ ಕೆಲಸವಲ್ಲ. "ಇಷ್ಟು ಜನ ಬಂದು ಕೈ ಕಟ್ಟಿ ಕೂರಬೇಕೇನೋ?" ಅಂತ ಚಿಕ್ಕಪ್ಪ ನನ್ನನ್ನೇ ಕೇಳಿದರು. ಪಾಪ, ದೂರದಿಂದ ಬಂದಿದ್ದಾರೆ, ಪುಕ್ಕಟೆ ಕೆಲಸ ಮಾಡುತ್ತಿದ್ದಾರೆ, ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಒದ್ದೆ ಗೋಡೆಯ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಿತ್ತು. ಅದರ ಮೇಲೆ ಪುಟ್ಟಿ, ಪ್ರೈಮರ್, ವಾಟರ್‌ಪ್ರೂಫ್ ಬಣ್ಣ. ಎಲ್ಲರೂ ಗೋಡೆ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋದರು.

ಇಲ್ಲಿ ಆದ ತಪ್ಪನ್ನು ನಿಧಾನವಾಗಿ ಹೇಳುತ್ತೇನೆ. ಸುಣ್ಣದ ಗಾರೆಯ ಗೋಡೆಗೆ ನೀರು ಸೇರಿದರೆ ಅದು ಮತ್ತೆ ಗಾಳಿಗೆ ಆವಿಯಾಗಿ ಹೋಗುತ್ತದೆ. ಇಂಥ ಗೋಡೆಗಳು ಇಷ್ಟು ವರ್ಷ ಉಳಿದಿರುವುದೇ ಹಾಗೆ. ಒಳಗೆ ಬಂದಷ್ಟು ಹೊರಗೆ ಹೋಗುತ್ತಿರುತ್ತದೆ. ಸಿಮೆಂಟ್ ಗಟ್ಟಿ, ಅಷ್ಟು ಸುಲಭಕ್ಕೆ ಆವಿ ಬಿಡುವುದಿಲ್ಲ. ಅದರ ಮೇಲಿನ ಬಣ್ಣದ ಪದರ ಇನ್ನೂ ಬಿಗಿ. ನೀರು ಒಳಗೆ ಬರೋ ದಾರಿ ಹಾಗೇ ಇದೆ, ಹೊರಗೆ ಹೋಗೋ ದಾರಿಗೆ ನಾವೇ ಬೀಗ ಹಾಕಿದೆವು. ಇನ್ನೊಂದು ವಿಷಯ. ಬಿಸಿಲು, ಚಳಿಗೆ ಹಳೇ ಗೋಡೆ ಸ್ವಲ್ಪ ಹಿಗ್ಗಿ ಕುಗ್ಗುತ್ತದೆ. ಸುಣ್ಣ ಅದಕ್ಕೆ ಹೊಂದಿಕೊಳ್ಳುತ್ತದೆ, ಸಿಮೆಂಟ್ ಬಿರುಕು ಬಿಡುತ್ತದೆ. ಆ ಸಣ್ಣ ಬಿರುಕಿನಿಂದ ಮಳೆನೀರು ಒಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ವಾಟರ್‌ಪ್ರೂಫ್ ಅನ್ನೋದು ಹೊರಗಿನ ನೀರಿಗಷ್ಟೇ ಅಲ್ಲ, ಒಳಗೆ ಸಿಕ್ಕಿಬಿದ್ದ ನೀರಿಗೂ ಅನ್ವಯಿಸುತ್ತದೆ.

ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಬಣ್ಣ ಗುಳ್ಳೆ ಎದ್ದಿತು. ಗುಳ್ಳೆ ಒಡೆದರೆ ಒಳಗೆ ಬಿಳೀ ಪುಡಿ. ಇಟ್ಟಿಗೆ ಮತ್ತು ಸಿಮೆಂಟ್‌ನಲ್ಲಿರುವ ಉಪ್ಪು ನೀರಲ್ಲಿ ಕರಗಿ, ನೀರು ಆರಿದ ಕಡೆ ಹರಳುಗಟ್ಟಿ ಪ್ಲಾಸ್ಟರನ್ನು ಹಿಂದಿನಿಂದ ತಳ್ಳುತ್ತಿತ್ತು. ಗೋಡೆ ತಟ್ಟಿದರೆ ಟೊಳ್ಳು ಸದ್ದು. ಯಾವತ್ತೂ ಒದ್ದೆಯಾಗದ ಒಳಗಿನ ಕೋಣೆಯ ಗೋಡೆಗೂ ಪಸೆ ಬಂತು. ಕೊನೆಗೆ ಮೇಸ್ತ್ರಿ ಕರೆಸಿ ಸಿಮೆಂಟ್ ತೆಗೆಸಿದಾಗ ಅದು ಒಂಟಿಯಾಗಿ ಬರಲಿಲ್ಲ, ಮೆತ್ತಗಿನ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬಂತು. ಪ್ಲಾಸ್ಟರ್ ಹೋದರೆ ಇನ್ನೊಂದು ಬಳಿಯಬಹುದು. ಇಟ್ಟಿಗೆಯ ಮುಖ ಹೋದರೆ ಮುಗೀತು, ಆ ಇಟ್ಟಿಗೆಗಳನ್ನೇ ಬದಲಾಯಿಸಬೇಕಾಯಿತು. ಪುಕ್ಕಟೆ ಕೆಲಸಕ್ಕೆ ಎರಡು ಸಲ ದುಡ್ಡು ಕೊಟ್ಟ ಹಾಗಾಯಿತು.

ಸಿಮೆಂಟನ್ನೇ ಬೈದುಕೊಂಡು ತುಂಬಾ ದಿನ ಕಳೆದೆ. ಆದರೆ ಅದಕ್ಕೂ ಮುಂಚಿನ ತಪ್ಪು, ಗೋಡೆ ಒಣಗಿದೆಯಾ ಅಂತ ನೋಡದೆ ನೆಂಟರ ರಜೆ ಯಾವಾಗ ಅಂತ ನೋಡಿ ಕೆಲಸ ಶುರು ಮಾಡಿದ್ದು. ಕೈಗಳು ಬಂದಿವೆ ಅಂತ ಅವಕ್ಕೆ ಕೆಲಸ ಹುಡುಕಿದೆವು. ಒದ್ದೆಯಾದ ಹಳೇ ಗೋಡೆ ಒಣಗಲು ಅಂದಾಜು ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಅಂತ ಲೆಕ್ಕ ಹಾಕುತ್ತಾರೆ. ನಮ್ಮಂಥ ದಪ್ಪ ಗೋಡೆಗೆ ಒಂದು ವರ್ಷವೂ ಆಗಬಹುದು. ಒಂದು ವಾರದ ರಜೆ ಎಲ್ಲಿಗೆ ಸಾಲುತ್ತೆ ಹೇಳಿ?

ಹಾಗಾಗಿ ಯಾವ ಬಣ್ಣ ಅನ್ನೋ ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡಲ್ಲ. ಆ ಪ್ರಶ್ನೆ ಬರೋಕೆ ಇನ್ನೂ ಟೈಮ್ ಇದೆ. ಮೊದಲು ಒಂದು ಮೊಳೆ ತಗೊಂಡು ಹಳೇ ಪ್ಲಾಸ್ಟರ್ ಗೀರಿ. ಸುಲಭಕ್ಕೆ ಗೀರಿ ಪುಡಿಯಾದರೆ ಬಹುಶಃ ಸುಣ್ಣ ಅಥವಾ ಮಣ್ಣು. ಮೊಳೆಯೇ ಜಾರಿದರೆ ಯಾರೋ ಆಗಲೇ ಸಿಮೆಂಟ್ ಬಳಿದಿದ್ದಾರೆ. ಆಮೇಲೆ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಹಿಂದೆ ನೀರಿನ ಹನಿ ಕಂಡರೆ ಪಸೆ ಗೋಡೆಯೊಳಗಿಂದಲೇ ಬರುತ್ತಿದೆ.

ಅಣ್ಣತಮ್ಮಂದಿರು ಬರಲಿ, ಬೇಡ ಅನ್ನಬೇಡಿ. ಆದರೆ ಅವರಿಗೆ ತೆಗೆಯುವ ಕೆಲಸ ಕೊಡಿ, ಮುಚ್ಚುವ ಕೆಲಸ ಬೇಡ. ದೋಣಿ, ಪೈಪ್ ಸರಿಮಾಡಲಿ. ಗೋಡೆ ಬುಡಕ್ಕೆ ಸೇರಿಕೊಂಡ ಮಣ್ಣು ಅಗೆದು ಹೊರಗಿನ ನೆಲವನ್ನು ಒಳಗಿನ ನೆಲಕ್ಕಿಂತ ಅರ್ಧ ಅಡಿಯಾದರೂ ತಗ್ಗಿಸಲಿ. ಸಡಿಲ ಪ್ಲಾಸ್ಟರ್ ಕೆತ್ತಲಿ. ಕಿಟಕಿ ಚೌಕಟ್ಟಿನ ಹಳೇ ಬಣ್ಣವನ್ನು ಮಾತ್ರ ಒಣ ಸ್ಯಾಂಡ್‌ಪೇಪರ್‌ನಿಂದ ಉಜ್ಜಬೇಡಿ. ಹಳೇ ಬಣ್ಣಗಳಲ್ಲಿ ಸೀಸ ಇರಬಹುದು, ಆ ಧೂಳು ಮಕ್ಕಳಿಗೆ ವಿಷ. ನೀರು ಚಿಮುಕಿಸಿ ಕೆರೆಯಿರಿ, ಮಕ್ಕಳು, ಬಸುರಿಯರು ಹತ್ತಿರ ಬೇಡ. ಏಣಿಯನ್ನು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಲೆಕ್ಕದಲ್ಲಿ ಬುಡ ಹೊರಗಿಟ್ಟು ನಿಲ್ಲಿಸಿ. ಹುಮ್ಮಸ್ಸಿನ ಭಾವ ನಿಮ್ಮಲ್ಲೂ ಇದ್ದರೆ ಅವರನ್ನು ಕೆಳಗೆ ಏಣಿ ಹಿಡಿಯೋಕೆ ನಿಲ್ಲಿಸಿ!

ಗೋಡೆ ಒಣಗಿದ ಮೇಲೆ ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಗೆ ದುಡ್ಡು ಕೊಟ್ಟು ಸುಣ್ಣದ ಗಾರೆಯಲ್ಲೇ ಪ್ಲಾಸ್ಟರ್ ಮಾಡಿಸಿ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಬಿಸಿಲು ನೇರ ಬೀಳದ ಹಾಗೆ ಗೋಣಿ ಕಟ್ಟಿ, ದಿನಾ ನೀರು ಚಿಮುಕಿಸಬೇಕು. ಈ ಕೆಲಸಕ್ಕೆ ಮನೆಯವರು ಚೆನ್ನಾಗಿ ಒದಗುತ್ತಾರೆ. ಅವಸರವಿಲ್ಲದ ಅಪ್ಪನಂಥವರಂತೂ ಇನ್ನೂ ಚೆನ್ನಾಗಿ. ಮೇಲೆ ತೆಳ್ಳಗೆ ಸುಣ್ಣದ ನೀರು, ನಾಲ್ಕೈದು ಸಲ. ಹಚ್ಚುವಾಗ ಏನೂ ಕಾಣಲ್ಲ, ಒಣಗುತ್ತಾ ಬೆಳ್ಳಗಾಗುತ್ತದೆ. ಅದನ್ನು ನೋಡಿ ದಪ್ಪ ಬಳಿಯಬೇಡಿ, ಪುಡಿ ಉದುರುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ, ಸುಣ್ಣ ಸುಡುತ್ತದೆ.

ತಂದಿಟ್ಟ ಡಬ್ಬಿಗಳ ಮುಚ್ಚಳ ತೆಗೆದಿಲ್ಲ ಅಂದರೆ ಅಂಗಡಿಯವರನ್ನು ವಾಪಸ್ ತಗೊಳ್ತೀರಾ ಅಂತ ಕೇಳಿ. ತೆಗೆದಿದ್ದರೆ, ಸಿಮೆಂಟ್ ಬ್ಲಾಕಿನ ಕಾಂಪೌಂಡ್ ಗೋಡೆ ಇದ್ದಲ್ಲಿ ಅದಕ್ಕೆ ಬಳಿಯಿರಿ. ರಜೆಗೆ ಬಂದವರಿಗೆ ಫೋಟೋ ತೆಗೆಸಿಕೊಳ್ಳೋಕೂ ಒಂದು ಗೋಡೆ ಸಿಕ್ಕ ಹಾಗಾಯಿತು.