ಗುಡ್ಡದ ಸೀತಾಫಲಕ್ಕೆ ಊರಿನ ಹೆಸರಲ್ಲಿ ಹಕ್ಕುಪತ್ರ ಸಿಗುತ್ತಾ?

ಪ್ರಶ್ನೆ: ಸರ್, ನಮ್ಮದು ಸಂಡೂರು ತಾಲೂಕಿನ ಗುಡ್ಡದ ಬುಡದ ಊರು. ನಾಯಕರು ಜಾಸ್ತಿ, ಕುರುಬರು, ಲಂಬಾಣಿಗರೂ ಇದ್ದೇವೆ. ಸೀತಾಫಲ ಕೀಳೋದು, ಕುರಿ ಮೇಯಿಸೋದು ಅಜ್ಜನ ಕಾಲದಿಂದ ನಡೆದಿದೆ. ಈಗ ‘ಇದು ಮೀಸಲು ಅರಣ್ಯ, ಬುಟ್ಟಿ ಇಳಿಸಿ’ ಅಂತಾರೆ. ಹಕ್ಕುಪತ್ರ ಉಳುಮೆ ಮಾಡಿದವರಿಗೆ ಮಾತ್ರ, ನಾಯಕರಲ್ಲದವರಿಗೆ 75 ವರ್ಷದ ದಾಖಲೆ ಬೇಕು ಅಂತಲೂ ಹೇಳ್ತಾರೆ. ನಿಜವಾ?

ಉತ್ತರ: ಅರ್ಧ ನಿಜ. ತೊಂದರೆ ಇರೋದೇ ಅಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆ ಅಂದ ಕೂಡಲೇ ಎಲ್ಲರೂ ಉಳುಮೆ ಜಮೀನಿನ ಅರ್ಜಿ ತುಂಬೋಕೆ ಓಡುತ್ತಾರೆ. ಅದು ನಮೂನೆ ಎ. ನಿಮಗೆ ಬೇಕಾದದ್ದು ಬಿ ಮತ್ತು ಸಿ. ಹಣ್ಣು, ಜೇನು, ಕುರಿ ಮೇವು ಎಲ್ಲ ಬಿ ನಮೂನೆಗೆ ಬರುತ್ತವೆ. ಗುಡ್ಡವನ್ನು ಊರೇ ಕಾಪಾಡಿ ನೋಡಿಕೊಳ್ಳುವ ಹಕ್ಕಿಗೆ ಸಿ. ಎರಡನ್ನೂ ಹಾಕಿ. ಮೀಸಲು ಅರಣ್ಯವೂ ಈ ಕಾಯ್ದೆಯೊಳಗೇ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ರಕ್ಷಿತಾರಣ್ಯದಲ್ಲೇ ಸಮುದಾಯ ಹಕ್ಕು ಸಿಕ್ಕಿತು. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ಇದು ಗುಡ್ಡ ಕಡಿದು ಮೆಕ್ಕೆಜೋಳ ಹಾಕುವ ಪಟ್ಟಾ ಅಲ್ಲ.

ಇನ್ನು 75 ವರ್ಷದ ಮಾತು. ನಾಯಕರು ಪರಿಶಿಷ್ಟ ಪಂಗಡ, ಅವರಿಗೆ ಆ ಷರತ್ತಿಲ್ಲ. ಉಳಿದವರಿಗೆ ಇದೆ: 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸ. ಲೆಕ್ಕ ಹಾಕಿದರೆ 1930ರಿಂದ. ಆಗ ಸಂಡೂರು ಘೋರ್ಪಡೆ ಅರಸರ ಸಂಸ್ಥಾನ, ಪಕ್ಕದ ಕೊಪ್ಪಳ, ರಾಯಚೂರು ನಿಜಾಮರವು. ಆ ಕಾಲದ ಕಾಗದ ಕುರಿ ಕಾಯುವವರ ಮನೆಯಲ್ಲಿ ಎಲ್ಲಿಂದ ಬರಬೇಕು, ಅಲ್ವಾ? ನಿಯಮ ಬರೆದವರಿಗೂ ಅದು ಗೊತ್ತಿತ್ತು. ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಪಕ್ಕದೂರಿನ ಅಜ್ಜಂದಿರನ್ನು ಕೇಳಿ. ಹಳೇ ಕಟ್ಟಡದ ಗುರುತು, ಸ್ಮಶಾನ, ದೇವರ ಮರ, ನೀರಿನ ಸೆಲೆ, ಕುರಿ ಮೇಯುವ ಜಾಗ ಕೂಡ ಸಾಕ್ಷ್ಯವೇ. ಕನಿಷ್ಠ ಎರಡು ಬಗೆ ಇರಲಿ. ಇಂಥದ್ದೇ ದಾಖಲೆ ತನ್ನಿ ಅಂತ ಯಾರೂ ಹಟ ಹಿಡಿಯುವಂತಿಲ್ಲ.

ಒಂದೂರಲ್ಲಿ ಇಂಥದ್ದೇ ಅರ್ಜಿಗೆ ಗುಡ್ಡದ ನಕ್ಷೆ ಬರೆಸಲು ಕೂತಿದ್ದೆವು. ಚಾರ್ಟ್ ಪೇಪರ್ ಮುಂದೆ ಗಂಡಸರು ಸುಮ್ನೆ ತಡಕಾಡುತ್ತಿದ್ದರು. ಅಜ್ಜಿಯೊಬ್ಬರು ಎದ್ದು ಅಂಗಳದಲ್ಲಿ ಬೂದಿ ಗೆರೆ ಎಳೆದರು. ಹುಣಸೆ ಬೀಜ ಇಟ್ಟಲ್ಲಿ ಸೆಲೆ, ಕಲ್ಲಿಟ್ಟಲ್ಲಿ ಕುರಿ ತಂಗುವ ಜಾಗ. ಅದರ ಫೋಟೊ ತೆಗೆದೇ ಗಡಿ ನಡೆಯಲು ಹೊರಟೆವು.

ಮೊದಲ ಕೆಲಸ ಗ್ರಾಮಸಭೆ. ಇಡೀ ಪಂಚಾಯತಿಯದ್ದಲ್ಲ, ನಿಮ್ಮ ಊರಿನದ್ದೇ. ಅಲ್ಲಿ 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿ ಆರಿಸಿ. ಮೂರರಲ್ಲಿ ಎರಡು ಪಾಲು ಪರಿಶಿಷ್ಟ ಪಂಗಡದವರು, ಒಟ್ಟಾರೆ ಮೂರನೇ ಒಂದು ಪಾಲು ಹೆಂಗಸರು ಇರಬೇಕು. ಸಭೆಗೆ ಊರಿನ ವಯಸ್ಕರಲ್ಲಿ ಅರ್ಧದಷ್ಟಾದರೂ ಬರಲೇಬೇಕು. ಮನೆಮನೆಗೆ ಹೋಗಿ ಸಹಿ ಹಾಕಿಸಿದ ಠರಾವು ಮುಂದೆ ಬಿದ್ದುಹೋಗುತ್ತದೆ.

ಅರ್ಜಿ ಒಪ್ಪಿದ ಗ್ರಾಮಸಭೆಯ ಠರಾವು ಉಪವಿಭಾಗ ಸಮಿತಿಗೆ, ಅಲ್ಲಿಂದ ಡಿಸಿ ಅಧ್ಯಕ್ಷತೆಯ ಸಮಿತಿಗೆ ಹೋಗುತ್ತದೆ. ಸ್ವೀಕೃತಿ ಇಲ್ಲದೆ ಅರ್ಜಿ ಕೊಡಬೇಡಿ. ಉಪವಿಭಾಗದಲ್ಲಿ ಬೇಡ ಅಂದರೆ ಕಾರಣ ಸಮೇತ ಹಿಂಬರಹ ಕೇಳಿ ಪಡೆಯಿರಿ, 60 ದಿನದೊಳಗೆ ಡಿಸಿ ಸಮಿತಿಗೆ ಮೇಲ್ಮನವಿ ಹಾಕಿ. ಹಕ್ಕು ಸಿಕ್ಕ ಮೇಲೆ ಹಣ್ಣಿಗೆ ರಾಯಧನವಿಲ್ಲ. ಸಾಗಣೆ ಪರವಾನಗಿ ಕೊಡುವುದೂ ನಿಮ್ಮ ಗ್ರಾಮಸಭೆಯ ಸಮಿತಿಯೇ.

ಸಭೆಯನ್ನು ಮಾತ್ರ ಸೀತಾಫಲದ ಸುಗ್ಗಿಗೆ ಮೊದಲೇ ಕರೆಸಿ. ಹಣ್ಣು ಶುರುವಾದರೆ ಊರೆಲ್ಲ ಗುಡ್ಡದ ಮೇಲಿರುತ್ತೆ, ಕೋರಂ ಆಗೋದಿಲ್ಲ.