ಹಾರ್ಡ್‌ವಿಕ್ ಹಾಲ್‌ನಂಥ ಹಳೇ ಕಲ್ಲಿನ ಮನೆಯಲ್ಲಿ ಅಷ್ಟು ದೊಡ್ಡ ಕಿಟಕಿಗಳು ಹೇಗೆ ಸಾಧ್ಯವಾದವು?
ಮುಖ್ಯ ಕಾರಣ ಒಳಗೋಡೆಗಳು. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ 1590ರಿಂದ 1597ರೊಳಗೆ ಕಟ್ಟಿದ ಈ ಮನೆಗೆ ಅಲ್ಲೇ ಸಿಗುವ ಮರಳುಗಲ್ಲು ಬಳಸಿದ್ದಾರೆ. ವಿನ್ಯಾಸ ರಾಬರ್ಟ್ ಸ್ಮಿತ್‌ಸನ್‌ನದು ಎನ್ನುತ್ತಾರೆ. ಹೊಗೆ ಹೋಗುವ ಚಿಮಣಿಗಳನ್ನು ಹೊರಗೋಡೆಗೆ ಅಂಟಿಸದೆ ದಪ್ಪನೆಯ ಒಳಗೋಡೆಗಳೊಳಗೆ ಸೇರಿಸಿದರು. ಹಾಗಾಗಿ ಹೊರಗೋಡೆಯ ತುಂಬ ಕಿಟಕಿಗೆ ಜಾಗ ಸಿಕ್ಕಿತು. ಹತ್ತಿರದಿಂದ ನೋಡಿದರೆ ಒಂದೊಂದು ಕಿಟಕಿಯಲ್ಲೂ ಅಡ್ಡಕ್ಕೆ, ಉದ್ದಕ್ಕೆ ತೆಳ್ಳನೆಯ ಕಲ್ಲಿನ ಪಟ್ಟಿಗಳು; ಅವುಗಳ ನಡುವೆ ಸೀಸದ ಕಟ್ಟಿನಲ್ಲಿ ಕೂರಿಸಿದ ಚಿಕ್ಕ ಚಿಕ್ಕ ಗಾಜುಗಳು. ಆಗ ಗಾಜು ಬಲು ದುಬಾರಿ, ಸಿರಿವಂತಿಕೆ ಮೆರೆಸಲು ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

ನನಗೆ ತುಂಬಾ ಹಿಡಿಸುವುದು ಇದು: ಮೇಲೆ ಹೋದಂತೆ ಕಿಟಕಿಗಳೂ ಎತ್ತರವಾಗುತ್ತವೆ, ಏಕೆಂದರೆ ಗಣ್ಯ ಅತಿಥಿಗಳ ಭವ್ಯ ಕೋಣೆಗಳಿರುವುದು ಮೇಲಿನ ಮಹಡಿಯಲ್ಲಿ. ಆರೂ ಗೋಪುರಗಳ ನೆತ್ತಿಯಲ್ಲಿ ಒಡತಿ ಎಲಿಜಬೆತ್ ಶ್ರೂಸ್‌ಬರಿಯ ‘ಇ.ಎಸ್.’ ಅಕ್ಷರಗಳನ್ನೂ ಕಲ್ಲಿನಲ್ಲೇ ಕೆತ್ತಿದ್ದಾರೆ.