ಹೊಸದೋ, ರೀಕಂಡೀಷನ್ನೋ, ಗುಜರಿಯದೋ?

ಪ್ರಶ್ನೆ: ನನ್ನ ಕಾರಿಗೆ 18 ವರ್ಷ. ಮುಂದಿನ ಚಕ್ರಗಳೇ ಎಳೆಯುವ ಗಾಡಿ. ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಹೊರಟರೆ ಬಲಗಡೆಯಿಂದ ಕಟ ಕಟ ಸದ್ದು ಬರುತ್ತದೆ. ಆಕ್ಸಲ್ (ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ದಂಡ) ಹೋಗಿದೆ ಎಂದು ಮೆಕ್ಯಾನಿಕ್ ಮೂರು ದಾರಿ ಹೇಳಿದ್ದಾರೆ: ಬೇರೆ ಕಂಪನಿಯ ಹೊಸದು, ರೀಕಂಡೀಷನ್ ಮಾಡಿದ್ದು, ಇಲ್ಲವೇ ಗುಜರಿ ಸೇರಿದ ಗಾಡಿಯಿಂದ ಬಿಚ್ಚಿದ್ದು. ಇನ್ನೂ ಮೂರು ವರ್ಷ ಓಡಿಸುವ ಆಸೆ ಇದೆ. ಹೊಸದೇ ಒಳ್ಳೆಯದಲ್ವಾ?

ಉತ್ತರ: ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಹಳೇ ಕಾರಿನ ಆಕ್ಸಲ್ ಬೂಟ್, ಅಂದರೆ ಅದರ ತುದಿಯ ಜಾಯಿಂಟಿನ ಗ್ರೀಸ್ ಹೊರಬಾರದಂತೆ ಮುಚ್ಚುವ ರಬ್ಬರ್ ಕವರ್, ಹರಿದಿತ್ತು, ಅಷ್ಟೇ. ಸದ್ದು ಗಿದ್ದು ಏನೂ ಇರಲಿಲ್ಲ. ಬೂಟ್ ಬದಲಿಸುವ ಗಲೀಜು ಕೆಲಸ ಯಾರಿಗೆ ಬೇಕು ಅಂತ, ಹೆಸರು ಕೇಳಿರದ ಕಂಪನಿಯ ಅಗ್ಗದ ಹೊಸ ಆಕ್ಸಲ್ ಹಾಕಿಬಿಟ್ಟೆ. ಮರುದಿನದಿಂದ ಸಿಗ್ನಲ್‌ನಲ್ಲಿ ಗೇರಲ್ಲಿ ನಿಂತರೆ ಸೀಟೆಲ್ಲಾ ಗಡಗಡ. ಇಂಜಿನ್ ಮೌಂಟ್ ಬದಲಿಸಿದೆ, ಪ್ಲಗ್ ಬದಲಿಸಿದೆ. ಕೊನೆಗೆ ಮೂಲೆಯಲ್ಲಿ ಬಿದ್ದಿದ್ದ ಹಳೇ ಆಕ್ಸಲ್ ತಂದು ಪಕ್ಕದಲ್ಲಿ ಇಟ್ಟು ನೋಡಿದರೆ, ಹೊಸದರ ದಂಡ ಬೇರೆಯೇ ದಪ್ಪ. ಹಳೆಯದರ ನಡುವೆ ಇದ್ದ, ನಡುಕ ತಗ್ಗಿಸುವ ಡ್ಯಾಂಪರ್ ತೂಕವೇ ಹೊಸದರಲ್ಲಿ ಇರಲಿಲ್ಲ. ಹಳೆಯದಕ್ಕೇ ಹೊಸ ಬೂಟ್, ಹೊಸ ಗ್ರೀಸ್ ಹಾಕಿ ಕೂರಿಸಿದೆ. ನಡುಕ ನಿಂತಿತು.

ಹಾಗಾಗಿ ಹಳೆಯದು ನಿಜವಾಗಿ ಸತ್ತಿದೆಯಾ ಎಂದು ಮೊದಲು ನೋಡಿ. ಬೂಟ್ ಮಾತ್ರ ಹರಿದು ಸದ್ದು ಬಾರದಿದ್ದರೆ ಅದನ್ನು ಉಳಿಸಿಕೊಳ್ಳಬಹುದು. ನಿಮ್ಮದು ಆ ಹಂತ ದಾಟಿದೆ. ಎಡಕ್ಕೆ ತಿರುಗುವಾಗ ಬಲಗಡೆ ಕಟಕಟಿಸಿದರೆ ಸಾಮಾನ್ಯವಾಗಿ ಬಲ ಚಕ್ರದ ಪಕ್ಕದ ಹೊರ ಜಾಯಿಂಟ್ ಸವೆದಿದೆ ಎಂದರ್ಥ. ಬಿಚ್ಚಿಸಿದಾಗ ಒಮ್ಮೆ ನೀವೇ ನೋಡಿ. ಗ್ರೀಸ್ ಒರೆಸಿದರೆ ಒಳಗೆ ಸಾಮಾನ್ಯವಾಗಿ ಆರು ಉಕ್ಕಿನ ಗುಂಡು, ಅವು ಓಡುವ ಆರು ಕಾಲುವೆ ಕಾಣುತ್ತವೆ. ಕಾಲುವೆಯಲ್ಲಿ ಉಗುರು ಎಳೆಯಿರಿ. ಎಲ್ಲಿ ಉಗುರು ತಡೆಯುತ್ತದೋ ಅಲ್ಲಿ ಗುಂಡು ಗುಳಿ ಮಾಡಿದೆ. ಗುಳಿ ಬಿದ್ದ ಮೇಲೆ ಎಷ್ಟು ಗ್ರೀಸ್ ತುಂಬಿದರೂ ಪ್ರಯೋಜನವಿಲ್ಲ.

ಇನ್ನು ಆಯ್ಕೆ. ಕಾರು ಕಂಪನಿಯ ಅಸಲಿ ಹೊಸದು ಸಿಕ್ಕಿ, ಕೈಗೆ ಎಟುಕಿದರೆ ಬೇರೆ ಯೋಚನೆಯೇ ಬೇಡ. ಹಳೇ ಕಾರಿಗೆ ಅದು ಸಿಗುವುದೇ ಕಷ್ಟ, ಸಿಕ್ಕರೂ ಬೆಲೆ ಕೇಳಿ ಕೂತುಬಿಡುತ್ತೀರಿ. ಮೂರೇ ವರ್ಷದ ಮಾತಾದ್ದರಿಂದ ನನ್ನ ಮತ ಗುಜರಿ ಗಾಡಿಯ ಅಸಲಿ ಆಕ್ಸಲ್‌ಗೆ. ಆದರೆ ಬೂಟ್ ಹರಿಯದೆ ಇರುವುದೇ ಆಗಬೇಕು. ಹರಿದಿದ್ದರೆ ಮಣ್ಣು ಎಷ್ಟು ದಿನದಿಂದ ಒಳಗೆ ಹೋಗಿದೆಯೋ ಯಾರಿಗೆ ಗೊತ್ತು? ಮುಂಭಾಗ ಗುದ್ದಿಸಿಕೊಂಡ ಗಾಡಿಯದೂ ಬೇಡ. ದಂಡ ಹಿಡಿದು ಜಾಯಿಂಟನ್ನು ಹಿಂದೆ ಮುಂದೆ ತಿರುಚಿ. ಟಕ್ ಟಕ್ ಅಂತ ಸಡಿಲವಾಗಿ ಅಲುಗಾಡಿದರೆ ಅಲ್ಲೇ ಬಿಡಿ. ಗೇರ್‌ಬಾಕ್ಸ್ ಒಳಗೆ ಹೋಗುವ ತುದಿಯಲ್ಲಿ ಆಯಿಲ್ ಸೀಲ್ ಕೂರುವ ಜಾಗ ನುಣ್ಣಗಿರಬೇಕು. ಅಲ್ಲಿ ತುಕ್ಕು ತಿಂದಿದ್ದರೆ ಹೊಸ ಸೀಲ್ ಹಾಕಿದರೂ ಆಯಿಲ್ ಜಿನುಗುತ್ತದೆ. ಎಲ್ಲ ಸರಿ ಇದ್ದರೂ ಹಾಕುವ ಮೊದಲು ಬೂಟ್, ಗ್ರೀಸ್ ಹೊಸದು ಮಾಡಿಸಿ. ರಬ್ಬರಿಗೂ ವಯಸ್ಸಾಗಿರುತ್ತದೆ.

ರೀಕಂಡೀಷನ್ ಬಗ್ಗೆ ನನಗೆ ಅರ್ಧ ನಂಬಿಕೆ. ಸರಿಯಾಗಿ ಮಾಡುವವರು ಪೂರ್ತಿ ಬಿಚ್ಚಿ, ಕಾಲುವೆಗಳನ್ನು ಗ್ರೈಂಡ್ ಮಾಡಿ, ಸ್ವಲ್ಪ ದೊಡ್ಡ ಗುಂಡು ಹಾಕುತ್ತಾರೆ. ಅಂಥದ್ದು ಚೆನ್ನಾಗಿಯೇ ಬಾಳುತ್ತದೆ. ಬರೀ ತೊಳೆದು, ಕಪ್ಪು ಬಣ್ಣ ಬಳಿದು, ಹೊಸ ಬೂಟ್ ಏರಿಸಿದ್ದೂ ಅದೇ ಹೆಸರಲ್ಲಿ ಮಾರಾಟವಾಗುತ್ತದೆ, ಹೊರಗಿನಿಂದ ಎರಡೂ ಒಂದೇ. ಯಾರು ಮಾಡಿದ್ದು, ಗುಂಡು ಬದಲಿಸಿದ್ದಾರಾ, ಗ್ಯಾರಂಟಿ ಎಷ್ಟು ಎಂದು ಬಾಯಿಬಿಟ್ಟು ಕೇಳಿ. ಇಂಥವರು ನಿಮ್ಮ ಹಳೆಯದನ್ನು ವಾಪಸ್ ಕೇಳುವುದು ಜಾಸ್ತಿ. ತಂದದ್ದನ್ನು ಕೂರಿಸಿ ಒಂದೆರಡು ದಿನ ಓಡಿಸಿ ನೋಡುವವರೆಗೆ ಅದನ್ನು ಕೊಡಬೇಡಿ.

ಯಾವುದನ್ನೇ ತಂದರೂ ಹಳೆಯದರ ಪಕ್ಕ ಮಲಗಿಸಿ ಹೋಲಿಸಿ. ಉದ್ದ, ಎರಡೂ ತುದಿಯ ಹಲ್ಲುಗಳ ಲೆಕ್ಕ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಅದರ ರಿಂಗಿನ ಹಲ್ಲು, ಎಲ್ಲ ಒಂದೇ ಇರಬೇಕು. ಒಂದೇ ಮಾಡೆಲ್‌ನಲ್ಲೂ ಆಟೊಮ್ಯಾಟಿಕ್‌ನದು ಬೇರೆ, ಮ್ಯಾನುಯಲ್‌ನದು ಬೇರೆ ಇರಬಹುದು. ಎಡ ಬಲವೂ ಅಷ್ಟೇ.

ಪ್ರಶ್ನೆ: ಪಾರ್ಟ್ ಬರುವವರೆಗೆ ಆಕ್ಸಲ್ ಬಿಚ್ಚಿದ ಕಾರನ್ನು ತಳ್ಳಿ ಪಕ್ಕಕ್ಕೆ ನಿಲ್ಲಿಸಬಹುದಾ?

ಉತ್ತರ: ಬೇಡ. ಎಷ್ಟೋ ಗಾಡಿಗಳಲ್ಲಿ ಚಕ್ರದ ಬೇರಿಂಗನ್ನು ಬಿಗಿಯಾಗಿ ಹಿಡಿದಿಟ್ಟಿರುವುದೇ ಆಕ್ಸಲ್ ನಟ್. ಅದಿಲ್ಲದೆ ಗಾಡಿಯ ಭಾರ ಹೊತ್ತು ಚಕ್ರ ಉರುಳಿದರೆ ಬೇರಿಂಗೂ ಹೋಗುತ್ತದೆ. ತಳ್ಳಲೇಬೇಕೆಂದರೆ ಹಳೇ ಹೊರ ಜಾಯಿಂಟ್ ಮಾತ್ರ ಬಿಡಿಸಿ, ಚಕ್ರ ಕೂರುವ ಹಬ್ಬಿಗೆ ತೂರಿಸಿ, ನಟ್ ಬಿಗಿದು ತಳ್ಳಿ. ಹೊಸ ಆಕ್ಸಲ್ ಕೂರಿಸುವಾಗ ಆ ನಟ್ ಬಿಸಾಕಿ ಹೊಸದು ಹಾಕಿ, ಎಷ್ಟು ಬಲ ಬೇಕೋ ಅಷ್ಟಕ್ಕೇ ಬಿಗಿಸುವ ಟಾರ್ಕ್ ರೆಂಚಿನಿಂದಲೇ ಬಿಗಿಸಿ.